ಸಾರೊಂದೇ ಸಾಕು ಅನ್ನೋರಿಗೂ ಒಂದು ತುಂಡು

ಭಾನುವಾರದ ಬಾಡೂಟಕ್ಕೆ ಕೂತಾಗ ಮನೇಲಿ ವಯಸ್ಸಾದೋರು "ನಂಗೆ ಸಾರೊಂದೇ ಸಾಕಮ್ಮ, ತುಂಡು ಮಕ್ಳಿಗೆ ಹಾಕು" ಅಂತಾರಲ್ಲ, ಅದನ್ನ ತ್ಯಾಗ ಅಂದ್ಕೊಂಡು ಸುಮ್ನಾಗ್ಬೇಡಿ. ಬಹಳ ಸಲ ಅದು ತ್ಯಾಗ ಅಲ್ಲ. ಅಗಿಯೋಕಾಗಲ್ಲ ಅನ್ನೋದನ್ನ ಮರ್ಯಾದೆಯಾಗಿ ಹೇಳೋ ರೀತಿ ಅದು. ನಾಲ್ಕು ಜನರ ಮುಂದೆ ಬಾಯಿಗೆ ಹಾಕಿದ್ದನ್ನ ತೆಗೆದು ತಟ್ಟೆ ಅಂಚಿಗೆ ಇಡೋದಕ್ಕಿಂತ, ಬೇಡ ಅಂದ್ಬಿಡೋದು ಮೇಲು ಅಂತ ಅವ್ರಿಗೆ ಅನ್ಸಿರ್ತದೆ.

ನಾನು ಹೇಳೋದು ಇಷ್ಟೇ. ಮನೇಲಿ ಒಬ್ರು ಬಾಡು ಬಿಟ್ಟು ಬರೀ ಸಾರು ಕುಡೀತಿದಾರೆ ಅಂದ್ರೆ ಅದು ಅವರ ಹಲ್ಲಿನ ತಪ್ಪಲ್ಲ. ನಾವು ಬಾಡು ತರೋ ರೀತಿ, ಬೇಯ್ಸೋ ರೀತಿ ಎರಡೂ ಅವಸರದ್ದಾಗೋಗಿದೆ. ಮೆತ್ತಗಿರೋ ಪಕ್ಕೆ ರೋಸ್ಟು ಮನೇಲೇ ಮಾಡ್ಬೋದು, ಅದಕ್ಕೆ ದೊಡ್ಡ ಒವನ್ನೂ ಬೇಡ, ದೊಡ್ಡ ದುಡ್ಡೂ ಬೇಡ. ಬೇಕಾಗಿರೋದು ಒಂದು ರಾತ್ರಿ, ಮತ್ತೆ ಅಂಗಡಿಯವ್ರ ಹತ್ರ ಎರಡು ಮಾತು.

ಈ ರೋಸ್ಟಿನ ಮಾತು ಈಗ ಯಾಕೆ ಬಂತು ಅಂದ್ರೆ, ನಮ್ಮ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆ ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗಿ ಬಂದ ಹುಡುಗ್ರು ಹುಡುಗೀರು ಸುಮಾರು ಜನ ಇದಾರೆ. ಅಲ್ಲಿ ಕ್ರಿಸ್‌ಮಸ್ಸಿಗೆ ಅವರ ಮ್ಯಾನೇಜರ್ ಮನೇಲಿ ತಿಂದ 'ಪ್ರೈಮ್ ರಿಬ್' ಬಗ್ಗೆ ಹೇಳೋದೇ ಹೇಳೋದು. ಫೋನಲ್ಲಿ ವಿಡಿಯೋ ಬೇರೆ ತೋರಿಸ್ತಾರೆ. ಕತ್ತಿ ಹಂಗೇ ಇಳಿದೋಗ್ತದೆ, ಒಳಗೆಲ್ಲಾ ರಸ. "ಇದನ್ನ ನಮ್ಮನೇಲಿ ಮಾಡಕ್ಕಾಗಲ್ವಾ ಆಂಟಿ?" ಅಂತ ಪಕ್ಕದ ಮನೆ ಹುಡುಗಿ ಕೇಳಿದ್ಲು. ಒಳ್ಳೇ ಪ್ರಶ್ನೆನೇ.

ಆ ಪ್ರೈಮ್ ರಿಬ್ ಅಂದ್ರೆ ದನದ ಬೆನ್ನಿನ ಉದ್ದಕ್ಕೂ ಇರೋ ಪಕ್ಕೆ ಭಾಗ, ಆರನೇ ಪಕ್ಕೆಲುಬಿಂದ ಹನ್ನೆರಡನೇದರ ತನಕ. ನಡೆಯೋಕೆ, ಓಡೋಕೆ, ಹತ್ತೋಕೆ ಕಾಲು ಮತ್ತೆ ಭುಜ ದುಡೀತವೆ. ಬೆನ್ನಿನ ಆ ಭಾಗಕ್ಕೆ ಕೆಲಸ ಕಮ್ಮಿ. ಕೆಲಸ ಕಮ್ಮಿ ಇರೋ ಕಡೆ ಬಾಡು ಮೆತ್ತಗಿರ್ತದೆ, ಅಷ್ಟೇ ಗುಟ್ಟು. ಆದ್ರೆ ನಮ್ಮ ರಾಜ್ಯದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ 2021ರಿಂದ ಜಾರಿಯಲ್ಲಿದೆ. ಹಸು, ಎತ್ತು, ಕರು ಯಾವುದನ್ನೂ ಕಡಿಯೋ ಹಾಗಿಲ್ಲ. 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ಬಿಡುವು. ಅಷ್ಟು ಬಲಿತ ಬಾಡಲ್ಲಿ ವಿಡಿಯೋದಲ್ಲಿ ತೋರಿಸೋ ರೋಸ್ಟ್ ಆಗೋದಿಲ್ಲ. ಅದೂ ಅಲ್ಲದೆ ನಮ್ಮಂಥ ಎಷ್ಟೋ ಮನೇಲಿ ಅದನ್ನ ತಿನ್ನೋ ರೂಢಿನೂ ಇಲ್ಲ. ಆದ್ರೆ ಪಕ್ಕೆ ಅನ್ನೋದು ಕುರಿಗೂ ಇದೆ, ಮೇಕೆಗೂ ಇದೆ. ಒಂದೊಂದು ಕಡೆಗೆ 13 ಎಲುಬು. ಅದರ ಬೆನ್ನಿಗೂ ಅಷ್ಟೇ ಕಮ್ಮಿ ಕೆಲಸ. ಅದನ್ನ ಇಡಿಯಾಗಿ ಬೇಯಿಸೋ ಅಭ್ಯಾಸ ನಮ್ಮಲ್ಲಿ ಕಮ್ಮಿ, ಅಷ್ಟೇ.

ಕಮ್ಮಿ ಅಂದೆ, ಇಲ್ವೇ ಇಲ್ಲ ಅನ್ನಲಿಲ್ಲ. ವೈಟ್‌ಫೀಲ್ಡ್ ಅನ್ನೋ ಊರು ಹುಟ್ಟಿದ್ದು 1882ರಲ್ಲಿ. ಐಟಿಪಿಎಲ್ ಬರೋದಕ್ಕೆ ನೂರು ವರ್ಷಕ್ಕೂ ಮುಂಚೆ. ಮಹಾರಾಜರು ಚಾಮರಾಜೇಂದ್ರ ಒಡೆಯರು ಜಮೀನು ಕೊಟ್ರು, ಡಿ.ಎಸ್. ವೈಟ್ ಅನ್ನೋರು ಮುಂದೆ ನಿಂತು ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆ ಅಂತ ಆ ಊರು ಕಟ್ಟಿಸಿದ್ರು. ಅವರ ಹೆಸರೇ ಊರಿಗೆ ಬಂತು. ಇನ್ನರ್ ಸರ್ಕಲ್ ಅಂತ ಆ ಹಳೇ ದುಂಡನೆ ಬೀದಿ ಈಗ್ಲೂ ಇದೆ. ಆ ಜನ ರೋಸ್ಟನ್ನ ಇಂಗ್ಲಿಷ್‌ನೋರ ಥರ ಒವನ್ನಲ್ಲೇ ಮಾಡ್ಬೇಕು ಅಂತ ಕೂರಲಿಲ್ಲ. ದಪ್ಪ ತಳದ ಪಾತ್ರೇಲಿ ಇಡೀ ತುಂಡು ಹಾಕಿ, ಮೆಣಸು, ಚಕ್ಕೆ, ಲವಂಗ, ಒಣಮೆಣಸಿನಕಾಯಿ, ಒಂಚೂರು ವಿನೆಗರ್ ಬಿಟ್ಟು, ಸ್ವಲ್ಪವೇ ನೀರಲ್ಲಿ ಮುಚ್ಚಿಟ್ಟು ಸಣ್ಣ ಉರೀಲಿ ಬೇಯಿಸೋರು. ನೀರಿಂಗಿದ ಮೇಲೆ ಅದೇ ಜಿಡ್ಡಲ್ಲಿ ಕೆಂಪಗೆ ಹುರಿದು, ಆಲೂಗಡ್ಡೇನೂ ಅದರಲ್ಲೇ ಹೊರಳಾಡಿಸೋರು. ಪಾಟ್ ರೋಸ್ಟ್ ಅಂತಾರೆ. ಕೆ.ಜಿ.ಎಫ್.ನ ಗಣಿ ಕಾಲೋನಿ ಮನೆಗಳಲ್ಲೂ ಇದೇ ಅಡುಗೆ ಇತ್ತು. ಅಲ್ಲಿ ಬೆಳೆದ ಬ್ರಿಜೆಟ್ ವೈಟ್ ಕುಮಾರ್ ಅವ್ರು ಆಂಗ್ಲೋ-ಇಂಡಿಯನ್ ಅಡುಗೆ ಮೇಲೆ ಸುಮಾರು ಪುಸ್ತಕಗಳನ್ನೇ ಬರೆದಿದಾರೆ. ಅಂದ್ರೆ ರೋಸ್ಟು ನಮ್ಮ ಬೆಂಗಳೂರಿನ ಹೊರವಲಯಕ್ಕೆ ಐಟಿ ಜೊತೆ ವಿಮಾನದಲ್ಲಿ ಬಂದಿದ್ದಲ್ಲ. ಒಲೆ ಮೇಲೆ, ಮುಚ್ಚಳದ ಕೆಳಗೆ, ಇಲ್ಲೇ ಇತ್ತು.

ಈಗ ಜಗಳಕ್ಕೆ ಬರ್ತೀನಿ. ನನ್ನ ಮೊದಲ ಜಗಳ ಕುಕ್ಕರ್ ಕೂಗಿನ ಜೊತೆ.

"ಎಷ್ಟು ಕೂಗು ಕೂಗಿಸ್ದೆ?" ಅನ್ನೋದು ನಮ್ಮ ಹೆಣ್ಮಕ್ಕಳ ನಡುವೆ ಬಾಡಿನ ಅಳತೆ ಆಗಿಬಿಟ್ಟಿದೆ. ನಾಲ್ಕು ಅಂತಾಳೆ ಒಬ್ಳು, ಏಳು ಅಂತಾಳೆ ಇನ್ನೊಬ್ಳು. ಕೂಗು ಅನ್ನೋದು ಅಳತೆನೇ ಅಲ್ಲ. ಉರಿ ದೊಡ್ಡದಿದ್ರೆ ಬೇಗ ಬೇಗ ಕೂಗ್ತದೆ, ಸಣ್ಣದಿದ್ರೆ ತಡವಾಗಿ. ಐದು ಲೀಟರ್ ಕುಕ್ಕರ್ ಕೂಗಿಗೂ ಮೂರು ಲೀಟರ್ ಕೂಗಿಗೂ ಸಂಬಂಧ ಇಲ್ಲ. ಒಳಗೆ ಬಿಸಿ ಮಾತ್ರ ಎಲ್ಲದರಲ್ಲೂ 120 ಡಿಗ್ರಿ ಹತ್ರ ಇರ್ತದೆ.

ಆ ಬಿಸಿಗೆ ಬಾಡಲ್ಲಿ ಏನಾಗ್ತದೆ ಗೊತ್ತಾ? ಬಾಡಲ್ಲಿ ಎರಡು ಥರದ್ದು ಇರ್ತದೆ. ಒಂದು ಕೆಂಪು ನಾರು, ಅದೇ ನಾವು ತಿನ್ನೋ ಕಂಡ. ಇನ್ನೊಂದು ಆ ನಾರನ್ನೆಲ್ಲ ಕಟ್ಟಿಹಾಕಿರೋ ಬಿಳೀ ಪೊರೆ. ಕೆಂಪು ನಾರು 60 ಡಿಗ್ರಿ ದಾಟಿದ್ದೇ ಒದ್ದೆ ಬಟ್ಟೆ ಹಿಂಡಿದ ಹಂಗೆ ತನ್ನೊಳಗಿನ ನೀರು ಹೊರಗೆ ಹಾಕ್ತದೆ. ಬಿಸಿ ಜಾಸ್ತಿ ಆದಷ್ಟೂ ಹಿಂಡೋದು ಜಾಸ್ತಿ. ಬಿಳೀ ಪೊರೆ ಹಂಗಲ್ಲ. ಅದು 70 ಡಿಗ್ರಿ ದಾಟಿದ ಮೇಲೆ ನಿಧಾನಕ್ಕೆ, ಗಂಟೆಗಟ್ಲೆ ತಗೊಂಡು ಕರಗಿ ಅಂಟಂಟು ರಸ ಆಗ್ತದೆ. ಕಾಲು ಸೂಪು ಮಾಡಿ ರಾತ್ರಿ ಫ್ರಿಜ್ಜಲ್ಲಿಟ್ರೆ ಬೆಳಗ್ಗೆ ಗಟ್ಟಿ ಕಟ್ಕೊಂಡಿರ್ತದಲ್ಲ, ಅದೇ ಇದು. ಕುಕ್ಕರ್ ಪೊರೆನ ಬೇಗ ಕರಗಿಸ್ತದೆ ಸರಿ, ಆದ್ರೆ ನಾರನ್ನ ಒಣಗಿಸ್ಬಿಡ್ತದೆ. ಅದಕ್ಕೇ ಏಳು ಕೂಗಾದ ಮೇಲೂ ತುಂಡು ಬಿಡಿಸಿದ್ರೆ ನೂಲು ನೂಲಾಗಿ ಬರ್ತದೆ, ಬಾಯಲ್ಲಿ ಮಾತ್ರ ಹತ್ತಿ ಅಗಿದಂಗೆ. ಹಲ್ಲಿಲ್ದೋರಿಗೆ ಬಿರುಸು ತುಂಡಿನಷ್ಟೇ ಕಷ್ಟ ಈ ಒಣ ತುಂಡು. ಗಂಟಲಲ್ಲಿ ಸಿಕ್ಕಾಕ್ಕೊಳ್ತದೆ.

ಸಾರಿಗೆ ಕುಕ್ಕರ್ ಬೇಡ ಅಂತ ನಾನು ಹೇಳ್ತಿಲ್ಲ. ಸಾರಲ್ಲಿ ಬಾಡು ಬಿಟ್ಟ ರಸ ಎಲ್ಲೂ ಹೋಗಲ್ಲ, ಸಾರಿಗೇ ಸೇರ್ತದೆ, ಮುದ್ದೆ ಜೊತೆ ಹೊಟ್ಟೆಗೇ ಬರ್ತದೆ. ಶಿಫ್ಟ್ ಮುಗಿಸಿ ಬಂದೋರಿಗೆ ಅರ್ಧ ಗಂಟೇಲಿ ಊಟ ಹಾಕೋಕೆ ಅದಕ್ಕಿಂತ ಒಳ್ಳೇ ಪಾತ್ರೆ ಇಲ್ಲ. ಆದ್ರೆ ರೋಸ್ಟಲ್ಲಿ ರಸ ತುಂಡಿನೊಳಗೇ ಉಳೀಬೇಕು. ಆ ಕೆಲ್ಸ ಕುಕ್ಕರ್‌ಗೆ ಬರಲ್ಲ.

ಎರಡನೇ ಜಗಳ 'ಫ್ರೆಶ್' ಅನ್ನೋ ಮಾತಿನ ಜೊತೆ. ಇದು ಕೇಳಿದ್ರೆ ನಿಮ್ಮಲ್ಲಿ ಸುಮಾರು ಜನ ನನ್ನ ಮೇಲೆ ಮುಗಿಬೀಳ್ತೀರ, ಗೊತ್ತು.

ಭಾನುವಾರ ಬೆಳಗ್ಗೆ ನಮ್ಮ ಚಂದಾಪುರದ ಕಡೆ ಆಗ್ಲಿ, ಪೀಣ್ಯದ ಕಡೆ ಆಗ್ಲಿ, ಮಟನ್ ಅಂಗಡಿ ಮುಂದೆ ಕ್ಯೂ ನೋಡಿ. ನಾಲ್ಕೂವರೆ ಐದಕ್ಕೆ ಕುಯ್ದಿರ್ತಾರೆ. ಒಂಬತ್ತು ಹತ್ತಕ್ಕೆ ನಮ್ಮ ಕೈಗೆ ಬರ್ತದೆ. ಹನ್ನೊಂದಕ್ಕೆ ಒಲೆ ಮೇಲೆ. "ಈಗ ತಾನೇ ಕುಯ್ದಿದ್ದು, ಬಿಸಿ ಆರಿಲ್ಲ" ಅಂತ ಹೆಮ್ಮೆ. ನಿಜ ಏನಂದ್ರೆ, ಪ್ರಾಣ ಹೋಗಿ ಕೆಲವು ಗಂಟೆ ಆದ ಮೇಲೆ ಯಾವ ಮೈಯಾದ್ರೂ ಸೆಟೆದುಕೊಳ್ತದೆ. ಕುರಿ ಮೇಕೇದೂ ಅಷ್ಟೇ. ಆ ಬಿಗಿ ಒಂದು ದಿನದ ಹತ್ರ ತಣ್ಣಗಿಟ್ಟ ಮೇಲೆ ತಾನಾಗೇ ಸಡಿಲ ಆಗ್ತದೆ. ನಾವು ಸರಿಯಾಗಿ ಆ ಸೆಟೆದುಕೊಂಡಿರೋ ಹೊತ್ತಲ್ಲೇ ತಂದು ಒಲೆ ಮೇಲಿಡ್ತೀವಿ. ಆಮೇಲೆ ಅಂಗಡಿಯವ್ನು ಬಲಿತಿದ್ದು ಕೊಟ್ಟ ಅಂತ ಬೈಕೊಳ್ತೀವಿ.

"ಮತ್ತೆ ಊರಲ್ಲಿ ಗುಡ್ಡೆ ಬಾಡು ಅಷ್ಟು ಚೆನ್ನಾಗಿರ್ತಿತ್ತಲ್ಲ, ಅದೂ ಆಗಷ್ಟೇ ಕುಯ್ದಿದ್ದೇ ಅಲ್ವಾ?" ಅಂತ ನಮ್ಮತ್ತೆ ಕೇಳಿದ್ರು. ಅವ್ರು ಆನೇಕಲ್ ಕಡೆಯೋರು, ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಹತ್ತಾರು ಮನೆ ಸೇರಿ ಮರಿ ತಂದು, ಕುಯ್ದು, ಗುಡ್ಡೆ ಹಾಕಿ ಹಂಚ್ಕೊಂಡಿದ್ದನ್ನ ನೋಡಿ ಬೆಳೆದೋರು. ಅವ್ರ ಮಾತು ಸುಳ್ಳಲ್ಲ. ಆದ್ರೆ ಅಲ್ಲಿ ಕುಯ್ದ ಜಾಗಕ್ಕೂ ಒಲೆಗೂ ನಾಲ್ಕು ಹೆಜ್ಜೆ. ಬಾಡು ಸೆಟೆಯೋಕೆ ಮುಂಚೆನೇ ಮಡಕೆ ಸೇರ್ತಿತ್ತು. ಅದೂ ಸೌದೆ ಒಲೇಲಿ, ದೊಡ್ಡ ಪಾತ್ರೇಲಿ, ಬೇಯೋವಷ್ಟು ಹೊತ್ತು ಬೇಯ್ತಿತ್ತು. ಯಾರೂ ಫೋನ್ ನೋಡ್ಕೊಂಡು ಕಾಯ್ತಿರಲಿಲ್ಲ. ಒಂದೋ ಆ ಥರ ಕುಯ್ದ ತಕ್ಷಣ ಬೇಯಿಸ್ಬೇಕು, ಇಲ್ಲ ಒಂದು ರಾತ್ರಿ ಬಿಟ್ಟು ಬೇಯಿಸ್ಬೇಕು. ನಾವು ಎರಡೂ ಅಲ್ಲದ ಹೊತ್ತಲ್ಲಿ ಬೇಯಿಸ್ತಾ ಇದೀವಿ.

ಅದಕ್ಕೇ ನನ್ನ ಸಲಹೆ: ರೋಸ್ಟಿಗೆ ಬೇಕಾದ ಬಾಡು ಶನಿವಾರನೇ ತನ್ನಿ. ಶನಿವಾರ ಕ್ಯೂನೂ ಇರಲ್ಲ, ಅಂಗಡಿಯವ್ರಿಗೆ ಮಾತಾಡೋಕೆ ಪುರುಸೊತ್ತೂ ಇರ್ತದೆ. ತಂದು ತೊಳೆದು ನೀರಾರಿಸಿ, ಫ್ರಿಜ್ಜಿನ ಕೆಳಗಿನ ತಟ್ಟೇಲಿ, ಬೇರೆ ಅಡುಗೆಗೆ ತಗಲದ ಹಂಗೆ ಮುಚ್ಚಿಡಿ. ಫ್ರೀಜರ್‌ಗೆ ಹಾಕ್ಬೇಡಿ. ಬಿಗಿ ಬರೋಕೆ ಮುಂಚೆ ಒಂದೇ ಸಲ ಅತಿ ಥಂಡಿ ತಗಲಿದ್ರೆ ನಾರು ಇನ್ನೂ ಮುದುಡ್ಕೊಳ್ತದೆ.

ಮೂರನೇ ಜಗಳ ಆ್ಯಪಿನ ಪ್ಯಾಕೆಟ್ ಜೊತೆ. 'ಕರಿ ಕಟ್' ಅಂತ ಬರ್ತದೆ, ಅರ್ಧ ಕೆ.ಜಿ., ಎಲ್ಲಾ ಒಂದೇ ಅಳತೆ ತುಂಡು. ತೊಡೆ ಯಾವುದು, ಭುಜ ಯಾವುದು, ಪಕ್ಕೆ ಯಾವುದು ಅಂತ ಬ್ರಹ್ಮನಿಗೂ ತಿಳಿಯಲ್ಲ. ಒಂದಕ್ಕೆ 40 ನಿಮಿಷ ಸಾಕು, ಇನ್ನೊಂದಕ್ಕೆ ಒಂದೂವರೆ ಗಂಟೆ ಬೇಕು. ಎಲ್ಲಾ ಒಟ್ಟಿಗೆ ಹಾಕಿದ್ರೆ ಒಂದು ಕರಗೋಗಿರ್ತದೆ, ಇನ್ನೊಂದು ರಬ್ಬರ್.

ನ್ಯಾಯವಾಗಿ ಹೇಳ್ಬೇಕು ಅಂದ್ರೆ ಬೆರಕೆ ತುಂಡು ಆ್ಯಪಿನೋರು ಕಂಡುಹಿಡಿದಿದ್ದಲ್ಲ. ನಮ್ಮ ಗುಡ್ಡೆ ಬಾಡೂ ಬೆರಕೆನೇ. ಪ್ರತಿ ಗುಡ್ಡೆಗೂ ಒಂದು ಚೂರು ತೊಡೆ, ಒಂದು ಚೂರು ಪಕ್ಕೆ, ಒಂದು ಚೂರು ಈಲಿ, ಒಂದು ಚೂರು ಬೋಟಿ. ಅದಕ್ಕೊಂದು ಅರ್ಥ ಇತ್ತು. ಯಾರಿಗೂ ಜಾಸ್ತಿ ಇಲ್ಲ, ಯಾರಿಗೂ ಕಮ್ಮಿ ಇಲ್ಲ. ಹತ್ತು ಮನೆ ಸಮವಾಗಿ ತಿನ್ಬೇಕು ಅನ್ನೋ ಧರ್ಮಕ್ಕೆ ಕೊಚ್ಚಿದ ತುಂಡು ಅದು. ಪ್ಯಾಕೆಟ್ಟಲ್ಲಿ ಆ ಧರ್ಮ ಇಲ್ಲ, ಹತ್ತು ನಿಮಿಷದಲ್ಲಿ ತಲುಪಿಸ್ಬೇಕು ಅನ್ನೋ ಅನುಕೂಲ ಮಾತ್ರ ಇದೆ. ಕೆಲಸಕ್ಕೆ ಹೋಗೋ ಹೆಣ್ಮಕ್ಕಳಿಗೆ ಅದು ಬೇಕು, ನಾನು ಇಲ್ಲ ಅನ್ನಲ್ಲ. ಆದ್ರೆ ಕೆ.ಜಿ.ಗೆ 800 ರೂಪಾಯಿ ದಾಟಿರೋ ಕಾಲದಲ್ಲಿ, ಯಾವ ಭಾಗ ಅಂತ ಗೊತ್ತಿಲ್ಲದೆ ದುಡ್ಡು ಕೊಡೋದು ನಂಗೆ ಸರಿ ಕಾಣಲ್ಲ.

ಅಂಗಡಿಗೇ ಹೋಗಿ. ಏನು ಕೇಳ್ಬೇಕು ಅಂತ ಹೇಳ್ತೀನಿ. "ಅಣ್ಣ, ಕುರಿ ಮರಿ ಪಕ್ಕೆ ಒಂದು ಕಡೇದು ಇಡಿಯಾಗಿ ಕೊಡಿ, ಕೊಚ್ಬೇಡಿ. ಬೆನ್ನು ಮೂಳೆ ಕಡೆ ಪಕ್ಕೆ ಪಕ್ಕೆ ನಡುವೆ ಒಂದೊಂದು ಏಟು ಹಾಕಿಡಿ ಸಾಕು." ಆ ಏಟು ಯಾಕೆ ಅಂದ್ರೆ, ಬೆಂದ ಮೇಲೆ ಮನೆ ಚಾಕುವಲ್ಲಿ ಬೆನ್ನು ಮೂಳೆ ಬಿಡಿಸೋಕಾಗಲ್ಲ. ಹತ್ತು ಹನ್ನೆರಡು ಕೆ.ಜಿ. ಬಾಡು ಬೀಳೋ ಮರಿ ಆದ್ರೆ ಎದೆ ಭಾಗನೂ ಸೇರಿ ಒಂದು ಕಡೆ ಪಕ್ಕೆ ಹೆಚ್ಚು ಕಮ್ಮಿ ಒಂದರಿಂದ ಒಂದೂಕಾಲು ಕೆ.ಜಿ. ತೂಗ್ತದೆ. ಐದಾರು ಜನಕ್ಕೆ ಆಯ್ತು.

ಕುರೀನೇ ಯಾಕೆ? ಮೇಕೇಲಿ ಕೊಬ್ಬು ಕಮ್ಮಿ, ರೋಸ್ಟಿಗೆ ಬೇಗ ಒಣಗ್ತದೆ. ಕುರಿ ಪಕ್ಕೆ ಮೇಲೆ ತೆಳ್ಳಗೆ ಕೊಬ್ಬಿನ ಹಾಸು ಇರ್ತದೆ, ಅದು ಕರಗ್ತಾ ಕರಗ್ತಾ ಕೆಳಗಿನ ಬಾಡನ್ನ ಕಾಪಾಡ್ತದೆ. ನಮ್ಮ ಬನ್ನೂರು ಕುರಿಗೆ ಬಾಡಿನ ರುಚಿಗೇ ಹೆಸರು. ಟಿ. ನರಸೀಪುರ ತಾಲ್ಲೂಕಿನ ಬನ್ನೂರು, ಮಂಡ್ಯದ ಮಳವಳ್ಳಿ ಕಡೆ ಗಿಡ್ಡಗೆ, ಮೈಕಟ್ಟಾಗಿ ಇರೋ ಕುರಿ. ಸಿಕ್ರೆ ಬಿಡ್ಬೇಡಿ. ಆದ್ರೆ ಬನ್ನೂರು ಅಂತ ಬೋರ್ಡ್ ಹಾಕಿದ್ದೆಲ್ಲ ಬನ್ನೂರಲ್ಲ, ಕಣ್ಣಲ್ಲಿ ನೋಡಿ ತಗೊಳ್ಳಿ.

ಎಳೇದಾ ಬಲಿತಿದ್ದಾ ಅಂತ ನೋಡೋಕೆ ಪಕ್ಕೆಲುಬೇ ಸಾಕ್ಷಿ. ಎಳೇ ಮರಿ ಎಲುಬು ಸಣ್ಣಗೆ, ದುಂಡಗೆ, ಒಂಚೂರು ಕೆಂಪಗೆ ಇರ್ತದೆ. ಬಲಿತ ಕುರೀದು ಅಗಲ, ಚಪ್ಪಟೆ, ಬೆಳ್ಳಗೆ. ಬಾಡಿನ ಬಣ್ಣನೂ ಅಷ್ಟೇ, ಎಳೇದು ತಿಳಿ ಕೆಂಪು, ಬಲಿತಿದ್ದು ಕಪ್ಪು ಕೆಂಪು. ಇಷ್ಟು ಗೊತ್ತಿರೋ ಗಿರಾಕಿಗೆ ಅಂಗಡಿಯವ್ರು ಕೊಡೋ ಮರ್ಯಾದೆನೇ ಬೇರೆ. ನಾಲ್ಕು ವಾರ ಕೇಳಿ ನೋಡಿ. ಐದನೇ ವಾರ ಅವರೇ "ಅಕ್ಕ, ಇವತ್ತು ಪಕ್ಕೆ ಚೆನ್ನಾಗೈತೆ, ಎತ್ತಿಟ್ಟಿವ್ನಿ" ಅಂತಾರೆ. ಆ ಮಾತು ಯಾವ ಆ್ಯಪೂ ಹೇಳಲ್ಲ.

ಇನ್ನು ಮಾಡೋದು. ಶನಿವಾರ ಸಂಜೆ ಕೆ.ಜಿ. ಬಾಡಿಗೆ ಸಮಮಟ್ಟ ಎರಡು ಟೀ ಚಮಚ ಪುಡಿ ಉಪ್ಪು ಎರಡೂ ಕಡೆ ಸವರಿ ಫ್ರಿಜ್ಜಲ್ಲಿಡಿ. ರಾತ್ರಿಯೆಲ್ಲ ಉಪ್ಪು ಒಳಗಿಳಿದು, ಬೇಯೋವಾಗ ನಾರು ನೀರು ಹಿಡ್ಕೊಳ್ಳೋ ಹಂಗೆ ಮಾಡ್ತದೆ. ಬೇಯೋ ಹೊತ್ತಲ್ಲಿ ಹಾಕಿದ ಉಪ್ಪು ಮೇಲ್ಮೈಲೇ ಉಳೀತದೆ. ಪರಂಗಿಕಾಯಿ ಅರೆದು ಹಚ್ಚೋದು ಸುಮಾರು ಜನರ ಉಪಾಯ. ಪರಂಗಿಕಾಯಿಗೆ ನಾರು ಕತ್ತರಿಸೋ ಗುಣ ಇರೋದು ನಿಜ, ಆದ್ರೆ ಅದು ಮೇಲಿನ ಪದರ ಬಿಟ್ಟು ಒಳಗೆ ಹೋಗಲ್ಲ. ರಾತ್ರಿ ಪೂರ್ತಿ ಬಿಟ್ರೆ ಮೇಲೆ ಹಿಟ್ಟು ಹಿಟ್ಟು, ಒಳಗೆ ಹಂಗೇ ಬಿರುಸು. ಸಣ್ಣ ತುಂಡಿಗೆ, ಖೈಮಾಗೆ ಸರಿ. ಪಕ್ಕೆಗೆ ಬೇಡ.

ಭಾನುವಾರ ಬೆಳಗ್ಗೆ ಅಡುಗೆಗೆ ಒಂದು ಗಂಟೆ ಮುಂಚೆ ಹೊರಗೆ ತೆಗೀರಿ. ಬೆಳ್ಳುಳ್ಳಿ ಒಂದು ಗೆಡ್ಡೆ, ಒಂದಿಂಚು ಶುಂಠಿ, ಎರಡು ಟೀ ಚಮಚ ಮೆಣಸು, ಒಂದು ಜೀರಿಗೆ, ಎರಡು ಚಮಚ ಧನಿಯಾ, ಎಲ್ಲಾನೂ ತರಿತರಿಯಾಗಿ ಕುಟ್ಟಿ, ಕಡ್ಲೆಕಾಯಿ ಎಣ್ಣೇಲಿ ಕಲಸಿ ಬಳೀರಿ. ವಿನೆಗರ್ ಬೇಡ ಅನ್ನೋರು ಅರ್ಧ ನಿಂಬೆಹಣ್ಣು ಹಿಂಡಿ.

ಓಟಿಜಿ ಇದ್ರೆ 150 ಡಿಗ್ರಿಗಿಟ್ಟು ಹತ್ತು ನಿಮಿಷ ಕಾಯಿಸಿ. ಟ್ರೇನಲ್ಲಿ ದಪ್ಪ ದಪ್ಪ ಈರುಳ್ಳಿ ಬಿಲ್ಲೆ ಹಾಸಿ, ಅದರ ಮೇಲೆ ಪಕ್ಕೆ, ಕೊಬ್ಬಿನ ಕಡೆ ಮೇಲೆ ಬರೋ ಹಂಗೆ. ಅರ್ಧ ಲೋಟ ನೀರು ಬಿಟ್ಟು ಫಾಯಿಲ್ ಬಿಗಿಯಾಗಿ ಮುಚ್ಚಿ. ಎರಡೂವರೆಯಿಂದ ಮೂರು ಗಂಟೆ. ಟ್ರೇಗೆ ಹಿಡಿಸ್ದೇ ಇದ್ರೆ ಎಲುಬಿನ ನಡುವೆ ಎರಡು ಭಾಗ ಮಾಡ್ಕೊಳ್ಳಿ, ಚೂರು ಚೂರು ಮಾಡ್ಬೇಡಿ. ಎಲುಬಿನ ತುದಿಯಿಂದ ಬಾಡು ಒಂದು ಬೆರಳು ಹಿಂದಕ್ಕೆ ಸರಿದಿರ್ಬೇಕು, ಚಾಕು ಚುಚ್ಚಿದ್ರೆ ಬೆಂದ ಗೆಣಸಿಗೆ ಇಳಿದಂಗೆ ಇಳೀಬೇಕು. ಆಮೇಲೆ ಫಾಯಿಲ್ ತೆಗೆದು 220 ಡಿಗ್ರಿಗೆ ಏರಿಸಿ, ಹತ್ತು ಹದಿನೈದು ನಿಮಿಷ. ಮೇಲೆ ಕೆಂಪಗೆ ಗರಿಗರಿ ಆಗ್ತದೆ.

ಮೂರು ಗಂಟೆ ಕರೆಂಟಾ ಅಂತ ಹೆದರ್ಬೇಡಿ. ಓಟಿಜಿ ಕಾಯಿಲು ಒಂದೇ ಸಮ ಉರಿಯಲ್ಲ, ಬಿಸಿ ಆದಾಗ ಆರ್ತದೆ, ತಣ್ಣಗಾದಾಗ ಹತ್ಕೊಳ್ತದೆ. ಎರಡು ಮೂರು ಯೂನಿಟ್ ಆಗ್ಬೋದು. ಹೋಟ್ಲಲ್ಲಿ ಒಂದು ಪ್ಲೇಟ್ ಚಾಪ್ಸ್ ಮುಂದೆ ಅದು ಯಾವ ಲೆಕ್ಕ.

ಓಟಿಜಿ ಇಲ್ದೋರು, ಅಥವಾ ಭಾನುವಾರನೇ ಕರೆಂಟ್ ತೆಗೆಯೋ ಏರಿಯಾದೋರು, ವೈಟ್‌ಫೀಲ್ಡಿನ ಹಳೇ ದಾರಿ ಹಿಡೀರಿ. ದಪ್ಪ ತಳದ ಬಿರಿಯಾನಿ ದಬರಿ. ಎರಡು ಚಮಚ ಎಣ್ಣೆ ಕಾಯಿಸಿ ಪಕ್ಕೆನ ಎರಡೂ ಕಡೆ ಐದೈದು ನಿಮಿಷ ಕೆಂಪಗೆ ಮಾಡ್ಕೊಳ್ಳಿ. ಚಕ್ಕೆ, ಲವಂಗ, ಎರಡು ಒಣಮೆಣಸಿನಕಾಯಿ, ಒಂದು ಲೋಟ ಬಿಸಿನೀರು. ಮುಚ್ಚಳದ ಸುತ್ತ ಗೋಧಿ ಹಿಟ್ಟು ಮೆತ್ತಿ, ದಬರಿ ಕೆಳಗೊಂದು ಹಳೇ ದೋಸೆ ಹೆಂಚಿಟ್ಟು, ಚಿಕ್ಕ ಬರ್ನರ್ ಮೇಲೆ ಅತಿ ಸಣ್ಣ ಉರಿ. ಎರಡರಿಂದ ಎರಡೂವರೆ ಗಂಟೆ. ಬೆಂಗಳೂರು ಸಮುದ್ರಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರೋದ್ರಿಂದ ನಮ್ಮಲ್ಲಿ ನೀರು 97 ಡಿಗ್ರಿಗೇ ಕುದೀತದೆ. ಮಂಗಳೂರಲ್ಲಿರೋ ಅಕ್ಕ ಹೇಳಿದ ಟೈಮಿಗಿಂತ ಇಲ್ಲಿ ಸ್ವಲ್ಪ ಜಾಸ್ತಿ ಹಿಡಿದ್ರೆ ಗಾಬರಿ ಬೀಳ್ಬೇಡಿ. ಕೊನೇಲಿ ಮುಚ್ಚಳ ತೆಗೆದು, ನೀರಿಂಗಿಸಿ, ಬೇಯಿಸಿದ ಆಲೂಗಡ್ಡೆ ಅದೇ ಜಿಡ್ಡಲ್ಲಿ ಹೊರಳಿಸಿ.

ಎರಡು ದಾರೀಲೂ ಕೊನೇ ಮಾತು ಒಂದೇ: ಇಳಿಸಿದ ತಕ್ಷಣ ಕುಯ್ಬೇಡಿ. ಮುಚ್ಚಿ 15-20 ನಿಮಿಷ ಬಿಡಿ. ಬಿಸೀಲೇ ಕುಯ್ದ್ರೆ ರಸ ಎಲ್ಲ ಮಣೆ ಮೇಲೆ ಹರಿದೋಗ್ತದೆ. ಆ ಹೊತ್ತಲ್ಲಿ ಮುದ್ದೆ ತೊಳಸಿ. ಟ್ರೇನಲ್ಲಿ ಉಳಿದ ಈರುಳ್ಳಿ, ರಸ, ಜಿಡ್ಡು ಎಲ್ಲಾನೂ ಒಂದು ಲೋಟ ಬಿಸಿನೀರು ಬಿಟ್ಟು ಕೆರೆದು ಕುದಿಸಿದ್ರೆ ಮುದ್ದೆಗೆ ಅದೇ ಸಾರು. ಆಮೇಲೆ ಎಲುಬೆಲುಬಿನ ನಡುವೆ ಬಿಡಿಸಿ. ವಯಸ್ಸಾದೋರ ತಟ್ಟೆಗೆ ಹಾಕೋವಾಗ ಎಲುಬು ತೆಗೆದು, ನಾರಿಗೆ ಅಡ್ಡಲಾಗಿ ತೆಳ್ಳಗೆ ಹೆಚ್ಚಿ. ಉದ್ದಕ್ಕೆ ಹೆಚ್ಚಿದ್ರೆ ನಾರು ಕತ್ತರಿಸೋ ಕೆಲಸ ಹಲ್ಲಿಗೆ ಬಿಟ್ಟಂಗೆ. ಅಡ್ಡಕ್ಕೆ ಹೆಚ್ಚಿದ್ರೆ ಆ ಕೆಲಸ ಚಾಕು ಮಾಡಿರ್ತದೆ.

"ಇಷ್ಟೆಲ್ಲಾ ಯಾರಿಗೆ ಪುರುಸೊತ್ತು?" ಅಂತ ಕೇಳೋರಿಗೆ ಉತ್ತರ ಕೊಡ್ಲೇಬೇಕು. ಪೀಣ್ಯದಲ್ಲಿ ಶಿಫ್ಟ್ ಮಾಡೋ ಮನೇಲಿ ವಾರಕ್ಕೊಂದೇ ರಜ. ಐಟಿಯೋರಿಗೆ ರಾತ್ರಿ ಹನ್ನೊಂದಕ್ಕೂ ಕಾಲ್ ಇರ್ತದೆ. ಗೊತ್ತು. ಆದ್ರೆ ಲೆಕ್ಕ ಹಾಕಿ ನೋಡಿ, ಇದರಲ್ಲಿ ನಮ್ಮ ಕೈ ಕೆಲಸ ಎಷ್ಟು? ಶನಿವಾರ ಉಪ್ಪು ಸವರೋಕೆ ಐದು ನಿಮಿಷ. ಭಾನುವಾರ ಮಸಾಲೆ ಕುಟ್ಟಿ ಬಳಿಯೋಕೆ ಇಪ್ಪತ್ತು. ಉಳಿದಿದ್ದೆಲ್ಲ ಒಲೆ ಕೆಲಸ, ಫ್ರಿಜ್ ಕೆಲಸ. ಭಾನುವಾರ ಕ್ಯೂನಲ್ಲಿ ಮುಕ್ಕಾಲು ಗಂಟೆ ನಿಂತು, ಕುಕ್ಕರ್ ಮುಂದೆ ಕೂಗು ಎಣಿಸ್ಕೊಂಡು, ಬೆಂದಿಲ್ಲ ಅಂತ ಮತ್ತೆ ಮುಚ್ಚಿ, ಎರಡೂವರೆಗೆ ಸಿಡಿಸಿಡಿ ಅಂತ ಬಡಿಸೋದಕ್ಕಿಂತ ಇದು ಹಗುರ. ಒಲೆ ತನ್ನ ಪಾಡಿಗೆ ಕೆಲಸ ಮಾಡೋವಾಗ ಬಟ್ಟೆ ಒಗೀಬೋದು, ಮಕ್ಕಳ ಹೋಂವರ್ಕ್ ನೋಡ್ಬೋದು, ಕಾಲು ಚಾಚಿ ಕೂರ್ಬೋದು. ನಮಗೆ ಕಮ್ಮಿ ಇರೋದು ಹೊತ್ತಲ್ಲ, ಹಿಂದಿನ ದಿನನೇ ಯೋಚ್ನೆ ಮಾಡೋ ಅಭ್ಯಾಸ.

ಇನ್ನೊಂದು ವಾದನೂ ಕೇಳಿದೀನಿ. "ವಯಸ್ಸಾದೋರಿಗೆ ಬಾಡು ಯಾಕೆ, ಮೊಟ್ಟೆ, ಬೇಳೆ ಸಾಕಲ್ವಾ?" ಡಾಕ್ಟ್ರು ಬೇಡ ಅಂದಿದ್ರೆ ಬೇರೆ ಮಾತು, ಕೊಬ್ಬು, ಉಪ್ಪು ನೋಡ್ಕೊಂಡೇ ಹಾಕ್ಬೇಕು. ಆದ್ರೆ ಇಲ್ಲಿ ಪೌಷ್ಟಿಕಾಂಶದ ಮಾತಷ್ಟೇ ಅಲ್ಲ ಇರೋದು. ನಮ್ಮ ಕಡೆ ಮುದ್ದೆ ಅಗಿಯೋದಲ್ಲ, ನುಂಗೋದು. ಹಲ್ಲಿಲ್ದೇ ಇರೋ ಅಜ್ಜಂಗೂ, ಹಲ್ಲು ಬರ್ದೇ ಇರೋ ಮಗೂಗೂ ಒಂದೇ ಮುದ್ದೆ. ಅಷ್ಟು ಜಾಣತನದ ಊಟ ಕಟ್ಟಿದ ಜನ ನಾವು. ಆ ಮುದ್ದೆ ಪಕ್ಕದಲ್ಲಿಡೋ ಬಾಡು ಮಾತ್ರ ಗಟ್ಟಿ ಹಲ್ಲಿರೋರಿಗಷ್ಟೇ ಅನ್ನೋ ಹಂಗಾದ್ರೆ, ಪಂಕ್ತೀಲೇ ಎರಡು ಸಾಲು ಆದಂಗೆ. ಬಾಡು ಬಿಟ್ಟೋರು ಆಮೇಲೆ ಬೇಗ ಏಳ್ತಾರೆ. ಬೇಗ ಎದ್ದೋರು ಟೀವಿ ಮುಂದೆ ಒಬ್ರೇ ಕೂರ್ತಾರೆ. ಎಲುಬು ಚೀಪ್ಕೊಂಡು ಹಳೇ ಕತೆ ಹೇಳೋ ಆ ಅರ್ಧ ಗಂಟೆ ಹೊರಟೋಗ್ತದೆ.

ನಮ್ಮತ್ತೆಗೆ ಈಗ ಕೆಳಗಿನ ದವಡೇಲಿ ಒಂದು ಹಲ್ಲೂ ಇಲ್ಲ, ಸೆಟ್ ಹಾಕ್ಕೊಂಡ್ರೆ ನೋವು ಅಂತ ಡಬ್ಬೀಲೇ ಇಟ್ಟಿದಾರೆ. ಪಕ್ಕೆ ಮಾಡಿದ ದಿನ ಅವ್ರು ಸಾರೊಂದೇ ಸಾಕು ಅನ್ನಲ್ಲ. ಎರಡು ತುಂಡು ತಿಂದು, "ಉಪ್ಪು ಒಂಚೂರು ಮುಂದಾಯ್ತು" ಅಂತ ತಪ್ಪು ಬೇರೆ ಹುಡುಕ್ತಾರೆ. ಹುಡುಕ್ಲಿ. ತಿಂದೋರಿಗೆ ತಾನೇ ಆ ಅಧಿಕಾರ.

ಮುಂದಿನ ಶನಿವಾರ ಸಂಜೆ ಅಂಗಡಿಗೆ ಹೋಗಿ, ಪಕ್ಕೆ ಇಡಿಯಾಗಿ ಕೇಳಿ ನೋಡಿ. ಅಂಗಡಿಯವ್ರು ಮೊದಲು "ಯಾಕಕ್ಕ, ಕೊಚ್ಕೊಡ್ತೀನಿ ಬಿಡಿ" ಅಂತಾರೆ. ಬೇಡ ಅನ್ನಿ.